ಎಲೆಯಲ್ಲಿ ತೂತು ಬಿದ್ದರೆ ಹಕ್ಕಿ ಬರುತ್ತದೆ: ಕೈತೋಟದ ಜೀವಿಗಳನ್ನು ತಿಳಿಯುವುದು ಹೇಗೆ?

ಮೊಬೈಲ್ ಹಿಡಿದು ಕಿಟಕಿಯ ಹತ್ತಿರ ನಿಂತರೆ ಸಾಕು, ಹೊರಗೆ ಕೂಗುತ್ತಿರುವ ಹಕ್ಕಿ ಯಾವುದು ಅಂತ ಅದೇ ಹೇಳಿಬಿಡುತ್ತದೆ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಕೇಂದ್ರದ ಮರ್ಲಿನ್ ಆ್ಯಪ್‌ಗೆ 2021ರಲ್ಲಿ ಈ ದನಿ ಗುರುತಿಸುವ ಸೌಲಭ್ಯ ಬಂತು. ಅಲ್ಲಿಯವರೆಗೆ ಬರೀ ಚಿಲಿಪಿಲಿ ಆಗಿದ್ದ ಸದ್ದಿಗೆ ಹೆಸರುಗಳು ಸಿಕ್ಕವು. ಅದಕ್ಕೂ ಒಂದು ವರ್ಷ ಮೊದಲು, 2020ರ ಲಾಕ್‌ಡೌನ್‌ನಲ್ಲಿ, ಮನೆಯೊಳಗೆ ಉಳಿದ ಎಷ್ಟೋ ಜನ ಕಿಟಕಿಯಾಚೆ ನೋಡುವುದನ್ನು ರೂಢಿ ಮಾಡಿಕೊಂಡಿದ್ದರು.

ಹೆಸರು ಗೊತ್ತಾದ ಮೇಲೆ ಮುಂದಿನ ಆಸೆ ಸಹಜ. ಇವು ನಮ್ಮ ತೋಟಕ್ಕೇ ಬರಬೇಕು, ಬಂದವು ಇಲ್ಲೇ ಉಳಿಯಬೇಕು. ಆಗ ಹೆಚ್ಚಿನವರು ಮಾಡುವ ಕೆಲಸ ಒಂದೇ. ತಟ್ಟೆಯಲ್ಲಿ ಕಾಳು ಹಾಕಿಡುತ್ತಾರೆ. ಒಂದು ವಾರ ಕಳೆಯುತ್ತದೆ. ಪಾರಿವಾಳ ಬರುತ್ತದೆ. ಅದರ ಹಿಂದೆ ಇನ್ನಷ್ಟು ಪಾರಿವಾಳ ಬರುತ್ತವೆ. ಆ್ಯಪ್ ಹೆಸರಿಸಿದ ಪುಟ್ಟ ಹಕ್ಕಿಗಳು ಮಾತ್ರ ಆ ಕಡೆ ತಲೆ ಹಾಕುವುದಿಲ್ಲ. ಯಾಕೆ ಹೀಗೆ? ಇದಕ್ಕೆ ಉತ್ತರ ಗೊತ್ತಾದರೆ ಕೈತೋಟದ ಅರ್ಧ ವಿಷಯ ಗೊತ್ತಾದ ಹಾಗೆ.

ಇಲ್ಲಿ ಕೈತೋಟ ಎಂದರೆ ದೊಡ್ಡ ಹಿತ್ತಿಲೇ ಆಗಬೇಕಿಲ್ಲ. ಬಾಲ್ಕನಿಯ ಐದಾರು ಕುಂಡಗಳಿಗೂ ಮುಂದೆ ಹೇಳುವ ಹೆಚ್ಚಿನ ಮಾತು ಹೊಂದುತ್ತದೆ.

ಪುಟ್ಟ ತೋಟದಲ್ಲಿ ಏನು ತಾನೇ ಇದ್ದೀತು?

ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಜೆನಿಫರ್ ಓವೆನ್ ಎಂಬ ಜೀವವಿಜ್ಞಾನಿ ಇದ್ದರು. 1972ರಿಂದ ಮೂವತ್ತು ವರ್ಷ ಅವರು ತಮ್ಮ ಮನೆಯ ತೋಟದಲ್ಲಿ ಕಂಡ ಜೀವಿಗಳನ್ನೆಲ್ಲ ಪಟ್ಟಿ ಮಾಡುತ್ತಾ ಹೋದರು. ಆ ತೋಟದ ವಿಸ್ತೀರ್ಣ 741 ಚದರ ಮೀಟರ್. ಅದೇನೂ ಕಾಡಲ್ಲ. ಹುಲ್ಲುಹಾಸು, ಹೂಗಿಡ, ತರಕಾರಿ ಎಲ್ಲ ಇದ್ದ ಸಾಮಾನ್ಯ ತೋಟ. ಕೊನೆಗೆ ಪಟ್ಟಿಯಲ್ಲಿದ್ದ ಜೀವಿಗಳು 2,673 ಬಗೆ. ಅದರಲ್ಲಿ ಗಿಡಗಳು 474. ಬೆನ್ನುಮೂಳೆ ಇರುವ ಪ್ರಾಣಿಗಳು, ಅಂದರೆ ಹಕ್ಕಿ, ಕಪ್ಪೆ, ಸಸ್ತನಿ ಎಲ್ಲ ಸೇರಿ 64. ಕೀಟಗಳು ಎಷ್ಟು ಗೊತ್ತಾ? 1,997.

ಈ ಲೆಕ್ಕವನ್ನು ಇನ್ನೊಮ್ಮೆ ನೋಡಿ. ನಮ್ಮ ಕಣ್ಣಿಗೆ ಬೀಳುವ ಹಕ್ಕಿ, ಅಳಿಲು, ಕಪ್ಪೆಗಳು ಇಡೀ ಪಟ್ಟಿಯ ಒಂದು ಸಣ್ಣ ಚೂರು. ಅವುಗಳ ಕೆಳಗೆ ಸಾವಿರಾರು ಹುಳುಹುಪ್ಪಟೆಗಳ ಲೋಕ ಇದೆ. ಮೇಲಿನವು ಬದುಕುವುದೇ ಆ ಕೆಳಗಿನವುಗಳ ಮೇಲೆ.

ಕಾಳು ಹಾಕಿದರೆ ಪಾರಿವಾಳ ಮಾತ್ರ ಯಾಕೆ?

ಚಿಕ್ಕ ಹಕ್ಕಿಗಳ ಮರಿ ಮೊಟ್ಟೆಯಿಂದ ಹೊರಬಂದಾಗ ಕಣ್ಣು ತೆರೆದಿರುವುದಿಲ್ಲ, ಮೈಮೇಲೆ ಗರಿ ಇರುವುದಿಲ್ಲ. ಎರಡು ವಾರದ ಆಸುಪಾಸಿನಲ್ಲಿ ಅದು ಮೈತುಂಬ ಗರಿ ಬೆಳೆಸಿಕೊಂಡು ಗೂಡು ಬಿಡುತ್ತದೆ. ಇಷ್ಟು ಬೇಗ ಮಾಂಸ, ಗರಿ, ಮೂಳೆ ಕಟ್ಟಬೇಕಾದರೆ ಪ್ರೋಟೀನ್ ಜಾಸ್ತಿ ಬೇಕು. ತಿನ್ನುವುದು ಮೆತ್ತಗಿರಬೇಕು, ಸುಲಭವಾಗಿ ಅರಗಬೇಕು. ನೀರಿನಂಶವೂ ಇರಬೇಕು, ಯಾಕೆಂದರೆ ಗೂಡಿನಲ್ಲಿರುವ ಮರಿಗೆ ನೀರು ಕುಡಿಯಲು ಹೋಗಲಾಗದು. ಒಣ ಕಾಳಿನಲ್ಲಿ ಇವು ಯಾವುವೂ ಸಾಕಷ್ಟು ಇಲ್ಲ. ಹುಳದಲ್ಲಿ ಎಲ್ಲವೂ ಇವೆ.

ಹಾಗಾಗಿ ದೊಡ್ಡದಾದ ಮೇಲೆ ಕಾಳು ತಿನ್ನುವ ಗುಬ್ಬಚ್ಚಿ ಕೂಡ ತನ್ನ ಮರಿಗೆ ಹುಳ ಹಿಡಿದು ತಂದು ಕೊಡುತ್ತದೆ. ಹೂವಿನ ಮಕರಂದ ಹೀರುವ ಸೂರಕ್ಕಿಯೂ ಅಷ್ಟೇ. ಮರಿ ಹುಟ್ಟಿದ ಕೂಡಲೇ ಜೇಡ, ಸಣ್ಣ ಕೀಟಗಳ ಬೇಟೆಗೆ ಇಳಿಯುತ್ತದೆ.

ಪಾರಿವಾಳದ ಕಥೆ ಬೇರೆ. ಅದರ ಗಂಟಲಿನ ಬಳಿ ತಿಂದದ್ದನ್ನು ಕೂಡಿಡುವ ಒಂದು ಚೀಲ ಇದೆ. ಮರಿ ಹುಟ್ಟುವ ಹೊತ್ತಿಗೆ ಆ ಚೀಲದ ಒಳಪದರ ದಪ್ಪಗಾಗಿ ಗಿಣ್ಣಿನಂಥ ಒಂದು ವಸ್ತು ತಯಾರಾಗುತ್ತದೆ. ಪ್ರೋಟೀನ್, ಕೊಬ್ಬು ತುಂಬಿದ ಈ ಹಾಲನ್ನು ಗಂಡು, ಹೆಣ್ಣು ಎರಡೂ ಮರಿಗೆ ಉಣಿಸುತ್ತವೆ. ಅಂದರೆ ಪಾರಿವಾಳ ಬರೀ ಕಾಳು ತಿಂದೇ ಮರಿ ಸಾಕಬಲ್ಲದು. ಹುಳ ಇಲ್ಲದ ಊರಿನಲ್ಲೂ ಅದರ ಸಂಸಾರ ಸುಸೂತ್ರವಾಗಿ ನಡೆಯುತ್ತದೆ. ಕಾಂಕ್ರೀಟಿನ ನಡುವೆ ಕಾಳಿನ ತಟ್ಟೆ ಇಟ್ಟರೆ ಅದಕ್ಕೆ ಯಾವ ಕೊರತೆಯೂ ಇಲ್ಲ. ಬಾಕಿ ಹಕ್ಕಿಗಳಿಗೆ ಅಲ್ಲಿ ಮರಿ ಸಾಕುವ ದಾರಿಯೇ ಇಲ್ಲ.

ಎಷ್ಟು ಹುಳ ಬೇಕಾಗುತ್ತದೆ? ಉತ್ತರ ಅಮೆರಿಕದಲ್ಲಿ ಚಿಕಡೀ ಎಂಬ ಹಕ್ಕಿ ಇದೆ. ತೂಕ ಸುಮಾರು ಹತ್ತು ಗ್ರಾಂ. ಒಂದು ಗೂಡಿನ ಮರಿಗಳನ್ನು ಹಾರುವ ಹಂತಕ್ಕೆ ತರಲು ಅದಕ್ಕೆ 6,000ದಿಂದ 9,000 ಮರಿಹುಳ ಬೇಕು ಎಂದು ಲೆಕ್ಕ ಹಾಕಿದ್ದಾರೆ. ಮರಿಹುಳ ಎಂದರೆ ಚಿಟ್ಟೆ ಮತ್ತು ಪತಂಗಗಳು ರೆಕ್ಕೆ ಬರುವ ಮೊದಲು ಇರುವ ರೂಪ. ಕಂಬಳಿಹುಳವೂ ಅದರಲ್ಲಿ ಒಂದು ಬಗೆ. ಗೂಡಿನಲ್ಲಿ ಮರಿ ಇರುವಷ್ಟು ದಿನ, ದಿನಕ್ಕೆ ನೂರಾರು ಹುಳ ಅಂದ ಹಾಗಾಯಿತು. ಇಷ್ಟನ್ನೂ ಗೂಡಿನ ಹತ್ತಿರವೇ ಹುಡುಕಬೇಕು. ದೂರ ಹಾರಿದರೆ ಹುಳದಿಂದ ಸಿಗುವ ಶಕ್ತಿಗಿಂತ ಹಾರಾಟಕ್ಕೆ ಖರ್ಚಾಗುವ ಶಕ್ತಿಯೇ ಹೆಚ್ಚಾಗುತ್ತದೆ.

ಹುಳ ಬರುವುದು ಎಲ್ಲಿಂದ?

ಎಲೆಯಿಂದ. ಗಿಡ ಬಿಸಿಲನ್ನು ಹಿಡಿದು ಎಲೆಯಲ್ಲಿ ಆಹಾರ ಮಾಡಿಡುತ್ತದೆ. ಆದರೆ ಹೆಚ್ಚಿನ ಹಕ್ಕಿಗಳಿಗೆ ಎಲೆ ಅರಗುವುದಿಲ್ಲ. ಎಲೆಯನ್ನು ಉಗ್ರಾಣದಲ್ಲಿರುವ ದಿನಸಿ ಎಂದುಕೊಂಡರೆ, ಮರಿಹುಳ ಅದನ್ನು ಬೇಯಿಸಿ ಬಡಿಸುವ ಅಡುಗೆಯವನು. ದಿನಸಿ ಎಷ್ಟೇ ಇರಲಿ, ಅಡುಗೆಯವನು ಇಲ್ಲದಿದ್ದರೆ ಊಟಕ್ಕೆ ಕೂತವರು ಹಸಿದೇ ಏಳಬೇಕು. ಒಂದೇ ಒಂದು ಎಲೆಗೂ ತೂತು ಬೀಳದ, ನಿಗಿನಿಗಿ ಹಸಿರಿನ ತೋಟದಲ್ಲಿ ಆಗುವುದು ಇದೇ.

ಇಲ್ಲಿ ಇನ್ನೊಂದು ತೊಡಕಿದೆ. ಎಲ್ಲ ಹುಳವೂ ಎಲ್ಲ ಎಲೆಯನ್ನೂ ತಿನ್ನುವುದಿಲ್ಲ. ಗಿಡಕ್ಕೆ ಓಡಲು ಬರುವುದಿಲ್ಲ, ಆದ್ದರಿಂದ ಅದು ಎಲೆಯೊಳಗೆ ಕಹಿಯನ್ನೋ ವಿಷವನ್ನೋ ತುಂಬಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತದೆ. ಒಂದೊಂದು ಗಿಡದ ರಸಾಯನ ಒಂದೊಂದು ಬಗೆ. ಲಕ್ಷಾಂತರ ವರ್ಷ ಜೊತೆಯಲ್ಲೇ ಬದುಕಿದ ಕೆಲವು ಕೀಟಗಳು ಮಾತ್ರ ಆಯಾ ಗಿಡದ ವಿಷವನ್ನು ಅರಗಿಸಿಕೊಳ್ಳುವುದನ್ನು ಕಲಿತಿವೆ. ಎಕ್ಕದ ಹಾಲು ವಿಷ. ಆದರೆ ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯ ಮರಿಹುಳ ಅದೇ ಎಕ್ಕದ ಎಲೆ ತಿಂದು ಬೆಳೆಯುತ್ತದೆ. ಅಷ್ಟೇ ಅಲ್ಲ, ಆ ವಿಷವನ್ನು ತನ್ನ ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಒಮ್ಮೆ ತಿಂದು ವಾಂತಿ ಮಾಡಿಕೊಂಡ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ.

ಒಂದು ಹುಳ ತಿಂದು ಬೆಳೆಯುವ ಗಿಡಕ್ಕೆ ಆ ಹುಳದ ಆಹಾರ ಸಸ್ಯ ಎನ್ನುತ್ತಾರೆ. ನಿಂಬೆ, ಕರಿಬೇವಿನ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಪ್ಪು ಬಿಳುಪಿನ ಹುಳ ನೋಡಿದ್ದೀರಲ್ವಾ? ಅದು ಹಿಕ್ಕೆಯಂತೆ ಕಾಣುವುದೇ ಹಕ್ಕಿಯ ಕಣ್ಣು ತಪ್ಪಿಸುವುದಕ್ಕೆ. ಸ್ವಲ್ಪ ದಿನ ಬಿಟ್ಟರೆ ಹಸಿರಾಗುತ್ತದೆ, ಆಮೇಲೆ ಗೂಡಿನಂಥ ಕೋಶ ಕಟ್ಟುತ್ತದೆ, ಕೊನೆಗೆ ಅಂಗೈಯಗಲದ ಚಿಟ್ಟೆಯಾಗಿ ಹಾರುತ್ತದೆ. ಚಿಟ್ಟೆ ಬೇಕು, ಎಲೆ ಮಾತ್ರ ಕೆಡಬಾರದು ಎಂದರೆ ನಡೆಯುವುದಿಲ್ಲ.

ಈಗ ಸ್ಥಳೀಯ ಗಿಡ ಎಂಬ ಮಾತು. ಒಂದು ಪ್ರದೇಶದಲ್ಲಿ ಮನುಷ್ಯ ತಂದು ನೆಡದೆ ಬಹಳ ಹಿಂದಿನಿಂದ ತಾನಾಗಿ ಬೆಳೆದು ಬಂದ ಗಿಡವೇ ಸ್ಥಳೀಯ ಗಿಡ. ಅದರ ಎಲೆ ತಿನ್ನಬಲ್ಲ ಕೀಟಗಳು ಅಲ್ಲೇ ಸುತ್ತಮುತ್ತ ಇರುತ್ತವೆ. ದೂರದ ದೇಶದಿಂದ ಬಂದ ಅಲಂಕಾರದ ಗಿಡದ ಎಲೆಯನ್ನು ಇಲ್ಲಿನ ಕೀಟಗಳು ಹೆಚ್ಚಾಗಿ ಮುಟ್ಟುವುದಿಲ್ಲ. ನರ್ಸರಿಯಲ್ಲಿ ‘ಹುಳ ಹತ್ತಲ್ಲ’ ಅಂತ ಹೊಗಳಿ ಮಾರುವುದು ಇಂಥವನ್ನೇ! ಅಮೆರಿಕದ ಪೂರ್ವಭಾಗದಲ್ಲಿ ಅಲ್ಲಿನ ಓಕ್ ಮರಗಳ ಮೇಲೆ 500ಕ್ಕೂ ಹೆಚ್ಚು ಬಗೆಯ ಮರಿಹುಳಗಳು ಬದುಕುತ್ತವೆ. ಅದೇ ಬೀದಿಯಲ್ಲಿ ನೆಟ್ಟ, ಚೀನಾ ಮೂಲದ ಗಿಂಕ್ಗೊ ಮರದ ಮೇಲೆ ಬೆರಳೆಣಿಕೆಯಷ್ಟು.

ಇದು ಹಕ್ಕಿಗೆ ಎಷ್ಟು ಮುಖ್ಯ ಎಂಬುದನ್ನು ವಾಷಿಂಗ್ಟನ್ ಸುತ್ತಲಿನ ಮನೆತೋಟಗಳಲ್ಲಿ ಅಳೆದು ನೋಡಿದರು. ಇದರ ಫಲಿತಾಂಶ 2018ರಲ್ಲಿ ಬಂತು. ತೋಟದ ಒಟ್ಟು ಸೊಪ್ಪುಸದೆಯಲ್ಲಿ ಸ್ಥಳೀಯ ಗಿಡಗಳ ಪಾಲು ಶೇ 70ಕ್ಕಿಂತ ಕಡಿಮೆ ಇದ್ದ ಕಡೆ ಚಿಕಡೀಗಳಿಗೆ ತಮ್ಮ ಸಂಖ್ಯೆ ಉಳಿಸಿಕೊಳ್ಳುವಷ್ಟು ಮರಿ ಸಾಕಲು ಆಗುತ್ತಿರಲಿಲ್ಲ. ಹಕ್ಕಿ ಅಲ್ಲಿ ಕಾಣುತ್ತಿತ್ತು, ಹಾಡುತ್ತಿತ್ತು, ಗೂಡೂ ಕಟ್ಟುತ್ತಿತ್ತು. ಲೆಕ್ಕ ಮಾತ್ರ ಕೂಡುತ್ತಿರಲಿಲ್ಲ. ಈ ಅಂಕಿಯನ್ನು ಎಲ್ಲ ಹಕ್ಕಿಗೂ ಎಲ್ಲ ಊರಿಗೂ ಹಾಗೆಯೇ ಅಂಟಿಸಲಾಗದು. ಆದರೆ ಅದರ ಒಳಗಿನ ಕಾರಣ ಎಲ್ಲ ಕಡೆಯೂ ಒಂದೇ. ಗುಲಾಬಿ, ಕ್ರೋಟನ್ ಕಿತ್ತು ಬಿಸಾಡಬೇಕು ಅಂತೇನೂ ಇಲ್ಲ. ಮುಂದಿನ ಸಲ ಒಂದು ಗಿಡ ಸತ್ತು ಜಾಗ ಖಾಲಿಯಾದಾಗ ಅಲ್ಲಿ ಒಂದು ಸ್ಥಳೀಯ ಗಿಡ ಇಟ್ಟರೆ ಶುರು ಮಾಡಿದ ಹಾಗೆ.

ಅಡಗಲು ಜಾಗ, ಗೂಡಿಗೆ ಜಾಗ

ಬಯಲಿನ ನಡುವೆ ಇಟ್ಟ ತಟ್ಟೆಗೆ ಪುಟ್ಟ ಹಕ್ಕಿ ಬರಲು ಹೆದರುತ್ತದೆ. ಗಿಡುಗ, ಬೆಕ್ಕು ಬಂದರೆ ನುಗ್ಗಲು ಹತ್ತಿರದಲ್ಲೇ ಪೊದೆ ಬೇಕು. ಹಾಗಾಗಿ ಒಂದೇ ಎತ್ತರದ ಗಿಡಗಳಿಗಿಂತ ಎತ್ತರ ತಗ್ಗು ಇರುವ ತೋಟ ಒಳ್ಳೆಯದು. ನೆಲಕ್ಕೆ ಹಬ್ಬಿದ್ದು, ಸೊಂಟದೆತ್ತರದ ಪೊದೆ, ಬಳ್ಳಿ, ಜಾಗ ಇದ್ದರೆ ಒಂದು ಮರ. ಒಂದೊಂದು ಹಕ್ಕಿ ಒಂದೊಂದು ಅಂತಸ್ತಿನಲ್ಲಿ ಓಡಾಡುತ್ತದೆ.

ಸಿಂಪಿಗ ಅಥವಾ ಟುವ್ವಿ ಹಕ್ಕಿ ದೊಡ್ಡ ಎಲೆಯ ಅಂಚಿನಲ್ಲಿ ಕೊಕ್ಕಿನಿಂದ ತೂತು ಮಾಡಿ, ಜೇಡರ ಬಲೆಯ ಎಳೆ ಮತ್ತು ಗಿಡದ ನಾರಿನಿಂದ ಎಲೆಯನ್ನು ಹೊಲಿದು, ಒಳಗೆ ಹತ್ತಿಯಂಥ ಮೆತ್ತನೆಯ ಗೂಡು ಮಾಡುತ್ತದೆ. ಸೂರಕ್ಕಿಯ ನೇತಾಡುವ ಗೂಡನ್ನು ಬಿಗಿಯುವುದೂ ಜೇಡರ ಬಲೆಯೇ. ಮೂಲೆಮೂಲೆಯ ಬಲೆಯನ್ನೆಲ್ಲ ಗುಡಿಸಿ ಹಾಕುವ ಮೊದಲು ಇದು ನೆನಪಿರಲಿ. ಮರಕುಟಿಗ, ಕುಟ್ರು ಹಕ್ಕಿಗಳಿಗೆ ಒಣಗಿದ ಕೊಂಬೆ ಬೇಕು. ಅವು ಕೊರೆದು ಬಿಟ್ಟ ಪೊಟರೆಗೆ ಮುಂದೆ ಬೇರೆ ಹಕ್ಕಿಗಳು ಬಾಡಿಗೆದಾರರಾಗಿ ಬರುತ್ತವೆ. ಬಿದ್ದರೆ ಯಾರಿಗೂ ಅಪಾಯ ಇಲ್ಲ ಎನ್ನುವ ಒಣಕೊಂಬೆಯನ್ನು ಹಾಗೇ ಬಿಡಬಹುದು.

ನೀರು

ಎಲ್ಲಕ್ಕಿಂತ ಬೇಗ ಫಲ ಕಾಣುವುದು ಇಲ್ಲೇ. ಹುಳ ತಿನ್ನುವ, ಹಣ್ಣು ತಿನ್ನುವ, ಕಾಳಿನ ತಟ್ಟೆಗೆ ಎಂದೂ ಬಾರದ ಹಕ್ಕಿಗಳೂ ನೀರಿಗೆ ಬರುತ್ತವೆ. ಕುಡಿಯಲು ಮಾತ್ರ ಅಲ್ಲ, ಮೀಯಲು ಕೂಡ. ಕೊಳೆ, ಹೇನು ಹತ್ತಿದ ಗರಿ ಹಾರಾಟಕ್ಕೂ ಮೈ ಬೆಚ್ಚಗಿಡಲಿಕ್ಕೂ ಸರಿಯಾಗಿ ಒದಗುವುದಿಲ್ಲ.

ಆಳವಾದ ಪಾತ್ರೆ ಬೇಡ. ಅಗಲವಾದ, ಒರಟು ಮೈಯ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳಿನಷ್ಟು ನೀರು ಸಾಕು. ಸುಮಾರು 2.5ರಿಂದ 5 ಸೆಂಟಿಮೀಟರ್. ನುಣುಪಾದ ಪ್ಲಾಸ್ಟಿಕ್ ಮೇಲೆ ಕಾಲು ಜಾರುತ್ತದೆ. ಮಧ್ಯೆ ಒಂದು ಕಲ್ಲು ಇಟ್ಟರೆ ಜೇನ್ನೊಣಗಳೂ ಮುಳುಗದೆ ನೀರು ಕುಡಿಯುತ್ತವೆ.

ಸೊಳ್ಳೆಯ ಭಯ ಸಹಜ. ಬೆಚ್ಚಗಿನ ಹವೆಯಲ್ಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಬೆಳೆಯಲು ಸುಮಾರು ಒಂದು ವಾರ ಬೇಕು. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ತಟ್ಟೆ ಉಜ್ಜಿ, ಹೊಸ ನೀರು ಹಾಕಿದರೆ ಅದಕ್ಕೆ ಆ ಅವಕಾಶವೇ ಸಿಗುವುದಿಲ್ಲ. ನೀರಿನ ಪಕ್ಕದಲ್ಲಿ ಒಂದಿಷ್ಟು ಜಾಗ ಕೆಸರಾಗಿರಲಿ. ಚಿಟ್ಟೆಗಳು, ಅದರಲ್ಲೂ ಗಂಡುಗಳು, ಗುಂಪಾಗಿ ಅಲ್ಲಿ ಕೂತು ಮಣ್ಣಿನ ಉಪ್ಪಿನಂಶ ಹೀರುತ್ತವೆ. ಮಕರಂದದಲ್ಲಿ ಸೋಡಿಯಂ ಕಡಿಮೆ. ಹೀಗೆ ಕೂಡಿಸಿಕೊಂಡ ಉಪ್ಪನ್ನು ಗಂಡು ಕೂಡುವಾಗ ಹೆಣ್ಣಿಗೆ ದಾಟಿಸುತ್ತದೆ, ಅದು ಮೊಟ್ಟೆಗೆ ಸೇರುತ್ತದೆ.

ಹಾಗಾದರೆ ಕಾಳು ಹಾಕಲೇಬಾರದಾ?

ಹಾಕಬಹುದು. ಅದು ಉಪಕಾರಕ್ಕಿಂತ ಹೆಚ್ಚಾಗಿ ನಮ್ಮ ಖುಷಿಗೆ ಎಂಬುದು ಗೊತ್ತಿದ್ದರೆ ಸಾಕು. ತೊಂದರೆ ಬರುವುದು ಗುಂಪು ಸೇರುವುದರಿಂದ. ಸಹಜವಾಗಿ ಚದುರಿ ತಿನ್ನುವ ಹಕ್ಕಿಗಳು ಒಂದೇ ತಟ್ಟೆಯಲ್ಲಿ, ಒಂದರ ಎಂಜಲನ್ನು ಇನ್ನೊಂದು ತಿನ್ನುತ್ತವೆ. ಬ್ರಿಟನ್ನಿನಲ್ಲಿ 2005ರಿಂದ ಟ್ರೈಕೊಮೊನೋಸಿಸ್ ಎಂಬ ರೋಗ ಫಿಂಚ್ ಹಕ್ಕಿಗಳಲ್ಲಿ ಹರಡಿತು. ಗಂಟಲು ಊದಿ, ನುಂಗಲಾಗದೆ ಹಕ್ಕಿ ಸಾಯುತ್ತದೆ. ಒಂದು ಕಾಲಕ್ಕೆ ಅಲ್ಲಿನ ತೋಟಗಳಲ್ಲಿ ಸಾಮಾನ್ಯವಾಗಿದ್ದ ಗ್ರೀನ್‌ಫಿಂಚ್ 2021ರಲ್ಲಿ ಬ್ರಿಟನ್ನಿನ ಕೆಂಪು ಪಟ್ಟಿಗೆ, ಅಂದರೆ ತೀರಾ ಕಾಳಜಿ ಬೇಕಾದ ಹಕ್ಕಿಗಳ ಪಟ್ಟಿಗೆ, ಸೇರಿತು. ಅಮೆರಿಕದಲ್ಲಿ 1994ರಲ್ಲಿ ಹೌಸ್ ಫಿಂಚ್‌ಗಳಲ್ಲಿ ಕಾಣಿಸಿಕೊಂಡ ಕಣ್ಣುಬೇನೆಯೂ ಹೀಗೆ ಒಂದೇ ಕಡೆ ಸೇರಿದಾಗ ಹರಡುವಂಥದ್ದು.

ಆದ್ದರಿಂದ ಸಂಜೆಯೊಳಗೆ ಖಾಲಿಯಾಗುವಷ್ಟೇ ಹಾಕಿ. ವಾರಕ್ಕೊಮ್ಮೆಯಾದರೂ ತಟ್ಟೆ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಕೈ ತೊಳೆಯಿರಿ. ಗರಿ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ತೂಕಡಿಸುವ ಹಕ್ಕಿ ಕಂಡರೆ ಕೆಲವು ವಾರ ಕಾಳು, ನೀರು ಎರಡನ್ನೂ ನಿಲ್ಲಿಸಿ. ಹಸಿವಿನಿಂದ ಸಾಯುತ್ತವೆ ಅನ್ನುವ ಚಿಂತೆ ಬೇಡ, ಅವಕ್ಕೆ ಬೇರೆ ಜಾಗ ಗೊತ್ತು. ಬ್ರೆಡ್ಡು, ಉಪ್ಪು ಹಾಕಿದ್ದು, ಹಾಲು ಬೇಡವೇ ಬೇಡ. ಬ್ರೆಡ್ಡಿನಿಂದ ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗುವುದಿಲ್ಲ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಹಕ್ಕಿಗಳಿಗಿಲ್ಲ. ನೆಲಕ್ಕೆ ಚೆಲ್ಲಿದ ಕಾಳನ್ನು ಗುಡಿಸುವುದೂ ಮುಖ್ಯ. ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ.

ಕರೆದು ಕೊಲ್ಲದಿರಲು

ಹಕ್ಕಿಗಳನ್ನು ಮನೆಯ ಹತ್ತಿರ ಕರೆದ ಮೇಲೆ ಮನೆಯಿಂದಾಗುವ ಅಪಾಯವೂ ಅವಕ್ಕೆ ಹತ್ತಿರವಾಗುತ್ತದೆ.

ಮೊದಲನೆಯದು ಗಾಜು. ಅಮೆರಿಕದಲ್ಲಿ ಕಟ್ಟಡಗಳ ಗಾಜಿಗೆ ಬಡಿದು ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಸಾಯುತ್ತವೆ ಎಂದು 2014ರ ಒಂದು ಅಧ್ಯಯನ ಅಂದಾಜು ಮಾಡಿತು. ಹಕ್ಕಿಗೆ ಗಾಜು ಕಾಣುವುದಿಲ್ಲ. ಅದಕ್ಕೆ ಕಾಣುವುದು ಗಾಜಿನಲ್ಲಿ ಮೂಡಿದ ಮರ, ಆಕಾಶ. ಒಂದೇ ಒಂದು ಗಿಡುಗನ ಸ್ಟಿಕ್ಕರ್ ಅಂಟಿಸಿದರೆ ಅದರ ಪಕ್ಕದಲ್ಲಿ ಹಾರಿಹೋಗಲು ನೋಡುತ್ತದೆ ಅಷ್ಟೇ. ಗಾಜಿನ ಹೊರಮೈಯಲ್ಲಿ ಐದೈದು ಸೆಂಟಿಮೀಟರ್ ಅಂತರದಲ್ಲಿ ಚುಕ್ಕೆಯನ್ನೋ ಗೆರೆಯನ್ನೋ ತುಂಬ ಹಾಕಿದರೆ ಇಲ್ಲಿ ದಾರಿ ಇಲ್ಲ ಅಂತ ಅದಕ್ಕೆ ತಿಳಿಯುತ್ತದೆ. ಸೊಳ್ಳೆ ಪರದೆಯನ್ನು ಹೊರಗಡೆ ಹಾಕಿದ್ದರೆ ಅದೂ ಆಗುತ್ತದೆ. ಕನ್ನಡಿಗೋ ಗಾಜಿಗೋ ದಿನವೂ ಕೊಕ್ಕಿನಿಂದ ಕುಟ್ಟುವ ಹಕ್ಕಿಯದು ಬೇರೆ ಸಮಸ್ಯೆ. ಅದು ತನ್ನ ಬಿಂಬವನ್ನು ಜಾಗ ಕಸಿಯಲು ಬಂದ ಎದುರಾಳಿ ಅಂದುಕೊಂಡಿರುತ್ತದೆ. ಕೆಲವು ದಿನ ಹೊರಗಿನಿಂದ ಬಟ್ಟೆ ಮುಚ್ಚಿದರೆ ಸರಿಹೋಗುತ್ತದೆ.

ಎರಡನೆಯದು ಬೆಕ್ಕು. 2013ರ ಅಂದಾಜಿನಂತೆ ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ. ಅದರಲ್ಲಿ ದೊಡ್ಡ ಪಾಲು ಯಾರ ಮನೆಯದೂ ಅಲ್ಲದ ಬೆಕ್ಕುಗಳದು. ಹೊಟ್ಟೆ ತುಂಬಿದ ಸಾಕುಬೆಕ್ಕೂ ಬೇಟೆಯಾಡುತ್ತದೆ. ಬೇಟೆಯ ಹುಕಿ ಮತ್ತು ಹಸಿವು ಅದರಲ್ಲಿ ಬೇರೆ ಬೇರೆ. ಮರಿಗಳು ಗೂಡು ಬಿಡುವ ದಿನಗಳಲ್ಲಾದರೂ ಬೆಕ್ಕನ್ನು ಒಳಗೆ ಇಟ್ಟುಕೊಂಡರೆ ಒಳ್ಳೆಯದು.

ಆಮೇಲೆ ವಿಷ. ಸಿಂಪಡಿಸಿದ ಕೀಟನಾಶಕ ಬೇಡದ ಹುಳದ ಜೊತೆ ಬೇಕಾದದ್ದನ್ನೂ ಕೊಲ್ಲುತ್ತದೆ. ಕೆಲವು ಕೀಟನಾಶಕಗಳು ಬೇರಿನಿಂದ ಹೀರಲ್ಪಟ್ಟು ಗಿಡದ ಮೈಯೆಲ್ಲ ಹರಡುತ್ತವೆ. ಹೂವಿನ ಪರಾಗ, ಮಕರಂದಕ್ಕೂ ಸೇರುತ್ತವೆ. ಇಮಿಡಾಕ್ಲೋಪ್ರಿಡ್ ಅಂಥದ್ದು. ಜೇನ್ನೊಣಗಳಿಗೆ ಹಾನಿ ಎಂಬ ಕಾರಣಕ್ಕೆ ಐರೋಪ್ಯ ಒಕ್ಕೂಟ ಇದೂ ಸೇರಿ ಮೂರು ಔಷಧಗಳನ್ನು ಬಯಲಿನಲ್ಲಿ ಬಳಸುವುದನ್ನು 2018ರಲ್ಲಿ ನಿಷೇಧಿಸಿತು. ಇಲಿಪಾಷಾಣದ ಕಥೆಯೂ ಹೀಗೇ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡುತ್ತದೆ. ಆಗ ಸುಲಭವಾಗಿ ಗೂಬೆಗೆ ಸಿಗುತ್ತದೆ. ವಿಷ ಗೂಬೆಯ ಹೊಟ್ಟೆ ಸೇರುತ್ತದೆ.

ರಾತ್ರಿಯ ದೀಪದ ಬಗ್ಗೆ ಒಂದು ಮಾತು. ಹುಳಗಳು ದೀಪಕ್ಕೆ ಮರುಳಾಗಿ ಬರುತ್ತವೆ ಎಂದು ನಾವೆಲ್ಲ ಕೇಳಿದ್ದೇವೆ. ಹೆಚ್ಚು ವೇಗದ ಕ್ಯಾಮೆರಾದಲ್ಲಿ ಹಿಡಿದು ನೋಡಿದ ಸಂಶೋಧಕರು 2024ರಲ್ಲಿ ಬೇರೆಯೇ ಕಾರಣ ಹೇಳಿದರು. ಹಾರುವ ಕೀಟಗಳು ಬೆಳಕಿರುವ ಕಡೆಗೆ ಬೆನ್ನು ತಿರುಗಿಸಿ ಹಾರುತ್ತವೆ. ಅವುಗಳ ಪಾಲಿಗೆ ಬೆಳಕಿದ್ದ ಕಡೆ ಆಕಾಶ, ಅಂದರೆ ಅದೇ ಮೇಲು. ಹತ್ತಿರದಲ್ಲಿ ದೀಪ ಇದ್ದಾಗ ಮೇಲು ಕೆಳಗು ಗೊತ್ತಾಗದೆ ಸುತ್ತಿ ಸುತ್ತಿ ಸಿಕ್ಕಿಕೊಳ್ಳುತ್ತವೆ. ಬೇಡದ ಹೊತ್ತಿನಲ್ಲಿ ತೋಟದ ದೀಪ ಆರಿಸಿದರೆ ಪತಂಗಗಳು ಉಳಿಯುತ್ತವೆ. ಪತಂಗ ಉಳಿದರೆ ಮರಿಹುಳ ಉಳಿಯುತ್ತದೆ.

ಹಕ್ಕಿ ಅಲ್ಲದವರು

ತರಗೆಲೆ ಗುಡಿಸಿ ಸುಡುವ ಬದಲು ಒಂದು ಮೂಲೆಗೆ ತಳ್ಳಿ. ಅದರ ಕೆಳಗೆ ಎರೆಹುಳ, ಸಹಸ್ರಪದಿ, ಜೀರುಂಡೆ ಮರಿಗಳು ಸೇರುತ್ತವೆ. ಅವನ್ನು ಹುಡುಕಿಕೊಂಡು ಮಡಿವಾಳ ಹಕ್ಕಿ ಬರುತ್ತದೆ, ಓತಿಕ್ಯಾತ ಬರುತ್ತದೆ, ರಾತ್ರಿ ಕಪ್ಪೆ ಬರುತ್ತದೆ. ಕಪ್ಪೆ ಚರ್ಮದ ಮೂಲಕವೂ ಉಸಿರಾಡುತ್ತದೆ, ನೀರು ಹೀರುತ್ತದೆ. ಮಣ್ಣಿಗೆ ಬಿದ್ದ ರಸಾಯನ ಅದರ ಮೈಗೆ ಸಲೀಸಾಗಿ ಇಳಿಯುತ್ತದೆ. ಅದಕ್ಕೇ ಔಷಧ ಹೊಡೆದ ತೋಟದಲ್ಲಿ ಕಪ್ಪೆಯ ದನಿ ಕೇಳುವುದು ಕಡಿಮೆ.

ಜೇನ್ನೊಣ ಎಂದರೆ ಹುಟ್ಟು ಕಟ್ಟುವ ಜೇನು ಮಾತ್ರ ನೆನಪಾಗುತ್ತದೆ. ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಬಗೆಯ ಜೇನ್ನೊಣಗಳಿವೆ. ಬಹುಪಾಲು ಒಂಟಿಯಾಗಿ ಬದುಕುತ್ತವೆ. ರಾಣಿ ಇಲ್ಲ, ಸೈನ್ಯ ಇಲ್ಲ, ಜೇನುತುಪ್ಪವೂ ಇಲ್ಲ. ಹೆಚ್ಚಿನವು ನೆಲದಲ್ಲಿ ಸಣ್ಣ ತೂತು ಕೊರೆದು ಮೊಟ್ಟೆ ಇಡುತ್ತವೆ. ಇಡೀ ನೆಲಕ್ಕೆ ಟೈಲ್ಸ್ ಹಾಕಿದರೆ ಅವಕ್ಕೆ ಜಾಗ ಎಲ್ಲಿ? ಬಿಸಿಲು ಬೀಳುವ ಕಡೆ ಒಂದು ಮೊಳ ಬರಿ ಮಣ್ಣು ಬಿಟ್ಟರೂ ಆದೀತು.

ಎಳೆ ಚಿಗುರಿಗೆ ಹೇನು ಹತ್ತಿದ ಕೂಡಲೇ ಔಷಧ ಹುಡುಕಬೇಡಿ. ಸ್ವಲ್ಪ ದಿನದಲ್ಲಿ ಗುಲಗಂಜಿ ಹುಳ ಮತ್ತು ಅದರ ಮರಿಗಳು ಬಂದು ತಿನ್ನಲು ಶುರು ಮಾಡುತ್ತವೆ. ತಿನ್ನುವವರು ಯಾವಾಗಲೂ ಊಟ ಸಿದ್ಧವಾದ ಮೇಲೆಯೇ ಬರುವುದು. ನಡುವಿನ ಆ ಕಾಯುವಿಕೆ ತೋಟಗಾರನಿಗೆ ಕಷ್ಟ, ನಿಜ.

ನೋಡುವುದು, ಕೇಳುವುದು

ದುಬಾರಿ ಕ್ಯಾಮೆರಾ ಬೇಕಿಲ್ಲ. ಒಂದೇ ಜಾಗದಲ್ಲಿ ಅಲುಗಾಡದೆ ಹತ್ತು ನಿಮಿಷ ಕೂತರೆ ಹಕ್ಕಿಗಳು ನಿಮ್ಮನ್ನು ಮರೆತು ತಮ್ಮ ಕೆಲಸಕ್ಕೆ ಮರಳುತ್ತವೆ. ಬಣ್ಣಕ್ಕಿಂತ ಮೊದಲು ಗಾತ್ರ, ಕೊಕ್ಕಿನ ಆಕಾರ, ಬಾಲ ಕುಣಿಸುವ ರೀತಿ ನೋಡಿ. ಬೆಳಕು ಬದಲಾದರೆ ಬಣ್ಣ ಮೋಸ ಮಾಡುತ್ತದೆ, ನಡವಳಿಕೆ ಮಾಡುವುದಿಲ್ಲ.

ಹಕ್ಕಿಯ ದನಿಯಲ್ಲಿ ಎರಡು ಬಗೆ. ಕರೆ ಚಿಕ್ಕದು: ಇಲ್ಲಿದ್ದೇನೆ, ಹುಷಾರು, ಹಸಿವು ಎಂಬಂಥ ಸುದ್ದಿ. ಹಾಡು ಉದ್ದದ್ದು: ಈ ಜಾಗ ನನ್ನದು ಎಂದು ಸಾರುವುದಕ್ಕೆ, ಜೋಡಿಯನ್ನು ಕರೆಯುವುದಕ್ಕೆ. ಹಾಡುವುದು ಗಂಡು ಮಾತ್ರ ಎಂಬ ನಂಬಿಕೆ ಬಹಳ ಕಾಲ ಇತ್ತು. 2014ರ ಒಂದು ಅಧ್ಯಯನ ಪರಿಶೀಲಿಸಿದ ಹಾಡುಹಕ್ಕಿಗಳಲ್ಲಿ ಶೇ 71ರಷ್ಟು ಬಗೆಗಳಲ್ಲಿ ಹೆಣ್ಣೂ ಹಾಡುತ್ತದೆ ಎಂದು ಗೊತ್ತಾಯಿತು. ಹಕ್ಕಿಯ ದನಿಪೆಟ್ಟಿಗೆ ಇರುವುದು ಶ್ವಾಸನಾಳ ಎರಡಾಗಿ ಕವಲೊಡೆಯುವ ಕಡೆ. ಎರಡು ಕವಲುಗಳನ್ನೂ ಬೇರೆ ಬೇರೆಯಾಗಿ ನುಡಿಸಬಲ್ಲ ಹಕ್ಕಿಗಳಿವೆ, ಒಂದೇ ಹೊತ್ತಿಗೆ ಎರಡು ಸ್ವರ. ಹಲವು ಹಕ್ಕಿಗಳು ಒಂದೇ ಕಡೆ ಮುಖ ಮಾಡಿ ಗಲಾಟೆ ಎಬ್ಬಿಸಿದರೆ ಅಲ್ಲಿ ಬೆಕ್ಕೋ ಹಾವೋ ಗೂಬೆಯೋ ಇದೆ ಎಂದರ್ಥ.

ಆ್ಯಪ್ ಹೇಳಿದ್ದನ್ನು ಕಣ್ಣಿನಿಂದ ಖಚಿತ ಮಾಡಿಕೊಳ್ಳುವುದು ಒಳ್ಳೆಯದು. ಕಾಜಾಣದಂಥ ಹಕ್ಕಿ ಬೇರೆ ಹಕ್ಕಿಗಳ ದನಿಯನ್ನೇ ಅನುಕರಿಸಿ ಆ್ಯಪನ್ನೂ ಬೇಸ್ತು ಬೀಳಿಸಬಲ್ಲದು. ಕಂಡ ಹಕ್ಕಿಗಳನ್ನು ಬರೆದಿಡಲು ಈಬರ್ಡ್ ಎಂಬ ಜಾಲತಾಣ 2002ರಿಂದ ಇದೆ. ಗಿಡ, ಹುಳ, ಕಪ್ಪೆ ಎಲ್ಲಕ್ಕೂ ಐನ್ಯಾಚುರಲಿಸ್ಟ್ ಎಂಬ ಇನ್ನೊಂದು ಜಾಲತಾಣ ಇದೆ. ಫೆಬ್ರವರಿಯಲ್ಲಿ ನಾಲ್ಕು ದಿನ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ನಡೆಯುತ್ತದೆ. 1998ರಲ್ಲಿ ಶುರುವಾದ ಈ ಎಣಿಕೆಯಲ್ಲಿ ಈಗ ಯಾವ ದೇಶದವರೂ ಸೇರಬಹುದು. ಹದಿನೈದು ನಿಮಿಷ ಎಣಿಸಿ ದಾಖಲಿಸಿದರೆ ಸಾಕು. ಹಕ್ಕಿ ಕಾಣದ ದಿನದ ದಾಖಲೆಯೂ ವಿಜ್ಞಾನಿಗಳಿಗೆ ಬೇಕು, ಯಾಕೆಂದರೆ ಎಲ್ಲಿ ಕಡಿಮೆಯಾಗುತ್ತಿವೆ ಎಂದು ತಿಳಿಯುವುದು ಅದರಿಂದಲೇ.

ಇದರಿಂದ ನಮಗೇನು ಲಾಭ ಎಂದು ಕೇಳುವವರಿಗೆ: ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಮೊಬೈಲ್ ಆ್ಯಪ್ ಮೂಲಕ ನಡೆಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಹಕ್ಕಿಯನ್ನು ಕಂಡಾಗ ಅಥವಾ ಕೇಳಿದಾಗ ಜನರ ಮನಸ್ಸು ಹಗುರಾಗಿತ್ತು, ಅದರ ಗುಣ ಎಂಟು ಗಂಟೆಯವರೆಗೂ ಕಂಡುಬಂತು. ಖಿನ್ನತೆ ಇದ್ದವರಲ್ಲೂ ಹಾಗೆಯೇ.

ಮರಿ ನೆಲದ ಮೇಲಿದೆ, ಏನು ಮಾಡಲಿ?

ಗೂಡು ಕಟ್ಟುವ ಕಾಲದಲ್ಲಿ ಎಲ್ಲರಿಗೂ ಬರುವ ಪ್ರಶ್ನೆ ಇದು. ಮೊದಲು ಗರಿ ನೋಡಿ. ಮೈತುಂಬ ಗರಿ ಇದ್ದು, ಬಾಲ ಮೋಟಾಗಿದ್ದು, ಕುಪ್ಪಳಿಸುತ್ತಿದ್ದರೆ ಅದು ಅನಾಥ ಅಲ್ಲ. ಗೂಡು ಬಿಟ್ಟು ಹಾರಲು ಕಲಿಯುತ್ತಿರುವ ಮರಿ. ಅಪ್ಪ ಅಮ್ಮ ಹತ್ತಿರದಲ್ಲೇ ಇರುತ್ತವೆ, ನೀವು ದೂರ ಹೋಗಲಿ ಅಂತ ಕಾಯುತ್ತಿರುತ್ತವೆ. ರಸ್ತೆಯಲ್ಲೋ ಬೆಕ್ಕಿನ ದಾರಿಯಲ್ಲೋ ಇದ್ದರೆ ಎತ್ತಿ ಹತ್ತಿರದ ಪೊದೆಗೆ ಬಿಡಿ, ಅಷ್ಟೇ.

ಗರಿ ಇಲ್ಲದ, ಕಣ್ಣು ತೆರೆಯದ ಮರಿಯಾದರೆ ಮೆಲ್ಲನೆ ಎತ್ತಿ ಗೂಡಿಗೇ ಸೇರಿಸಿ. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬುದು ಸುಳ್ಳು. ಗೂಡು ಕಿತ್ತು ಬಿದ್ದಿದ್ದರೆ ತಳದಲ್ಲಿ ತೂತು ಮಾಡಿದ ಸಣ್ಣ ಬುಟ್ಟಿಯಲ್ಲಿ ಒಣಹುಲ್ಲು ಹಾಕಿ, ಅದೇ ಜಾಗದ ಹತ್ತಿರ ಕಟ್ಟಿ ದೂರದಿಂದ ಗಮನಿಸಿ. ಬಾಯಿಗೆ ನೀರು ಹನಿಸಬೇಡಿ, ಅದು ಶ್ವಾಸನಾಳಕ್ಕೆ ಹೋಗುವ ಅಪಾಯ ಜಾಸ್ತಿ. ಗಾಯವಾಗಿದ್ದರೆ, ಬೆಕ್ಕು ಕಚ್ಚಿದ್ದರೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು ಪ್ರಾಣಿ ರಕ್ಷಣೆಯವರಿಗೆ ಬೇಗ ತಲುಪಿಸಿ. ಬೆಕ್ಕಿನ ಹಲ್ಲಿನ ಗಾಯ ಮೇಲೆ ಸಣ್ಣದಾಗಿ ಕಂಡರೂ ಒಳಗೆ ಬೇಗ ನಂಜೇರುತ್ತದೆ.

ಕಿಟಕಿಯ ಬಳ್ಳಿಯಲ್ಲೋ ಹೂಕುಂಡದಲ್ಲೋ ಗೂಡು ಕಂಡರೆ ಆ ಗಿಡವನ್ನು ಸವರುವ ಕೆಲಸ ಮುಂದಕ್ಕೆ ಹಾಕಿ, ನೀರನ್ನು ಬುಡಕ್ಕಷ್ಟೇ ಹಾಕಿ. ಮೊಟ್ಟೆ ಇಟ್ಟಲ್ಲಿಂದ ಮರಿ ಹಾರುವ ತನಕ ಚಿಕ್ಕ ಹಕ್ಕಿಗಳಿಗೆ ಹೆಚ್ಚೂಕಡಿಮೆ ಒಂದು ತಿಂಗಳು ಸಾಕು. ಪದೇ ಪದೇ ಇಣುಕಿ ಫೋಟೋ ತೆಗೆಯಬೇಡಿ. ನಮ್ಮ ಓಡಾಟವನ್ನು ಕಾಗೆ ಗಮನಿಸುತ್ತಿರುತ್ತದೆ.